ಇಂದಿನ ಕನ್ಯೆಯರ ಚಿಂತೆಗಳೂ ಅವರ ಕ್ಷೇಮವೂ

(ಮಹೋತ್ಸವದ ಪ್ರಸಂಗದಲ್ಲಿ ಹುಲೇಕಲ್ಲಿನಲ್ಲಿ ಕೂಡಿದ ಭಕ್ತಜನರ ಮುಂದೆ ಮಾಡಿದ ಭಾಷಣ)



ಉತ್ಸವದ ದಿವಸಗಳಲ್ಲಿ ಮಠದ ಅಂಗಳಕ್ಕೆ ಬರುವ ಜನರನ್ನು ಒಂದು ಗಳಿಗೆ ನಿಂತು ನೋಡಿದವರಿಗೆ ಒಂದು ಸಂಗತಿಯು ಕಂಡುಬರದೆ ಇರದು. ಗಂಡಸರು ಪೀಠದ ಸಮೀಪಕ್ಕೆ ಬಂದು ತೋಟದ ವ್ಯಾಜ್ಯ, ಸಾಲದ ಹೊರೆ, ಮಗನ ನೌಕರಿ ಇವನ್ನೆಲ್ಲ ಬಿಚ್ಚಿ ಅರಿಕೆ ಮಾಡಿಕೊಳ್ಳುತ್ತಾರೆ. ಹಿರಿಯ ತಾಯಂದಿರೂ ಸೊಸೆಯ ಬಾಣಂತನ, ಮೊಮ್ಮಗನ ಜ್ವರ ಎಂದು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ಆದರೆ ಹದಿನೈದು ವರ್ಷದಿಂದ ಇಪ್ಪತ್ತೈದು ವರ್ಷದೊಳಗಿನ ಹೆಣ್ಣುಮಕ್ಕಳು ನಮಸ್ಕರಿಸಿ, ಪ್ರಸಾದವನ್ನು ಸ್ವೀಕರಿಸಿ, ಬದಿಗೆ ಸರಿದು ನಿಲ್ಲುವರು. ಅವರ ಪರವಾಗಿ ಮಾತನಾಡುವವರು ತಾಯಿ ಇಲ್ಲವೆ ತಂದೆ. “ಇವಳಿಗೊಂದು ಒಳ್ಳೆಯ ಸ್ಥಳ ಕೂಡಿ ಬರಲಿ” ಎಂದು ಒಬ್ಬರು, “ಪರೀಕ್ಷೆಯಲ್ಲಿ ಪಾಸಾಗುವಂತೆ ಆಶೀರ್ವಾದವಾಗಲಿ” ಎಂದು ಮತ್ತೊಬ್ಬರು. ಹುಡುಗಿಯು ತಲೆ ತಗ್ಗಿಸಿಕೊಂಡಿರುವಳು. ಅವಳ ಮನಸ್ಸಿನೊಳಗಿದ್ದುದು ಇದೇ ಹೌದೋ ಅಲ್ಲವೋ ಎಂದು ಕೇಳುವ ಪ್ರಸಂಗವೇ ಒದಗುವದಿಲ್ಲ. ಇಂದಿನ ಮಾತು ಆ ತಲೆ ತಗ್ಗಿಸಿ ನಿಂತ ಹುಡುಗಿಯನ್ನು ಕುರಿತದ್ದು.

ಅಜ್ಜಿಯರ ಕಾಲದ ಚಿಂತೆಗಳು ಬೇರೆಯಾಗಿದ್ದವು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆಯು ೧೯೨೯ರಲ್ಲಿ ಅಂಗೀಕೃತವಾಗಿ ೧೯೩೦ನೆಯ ಇಸವಿಯ ಏಪ್ರಿಲ್ ೧ರಿಂದ ಜಾರಿಗೆ ಬಂದಾಗ ಹೆಣ್ಣಿಗೆ ಗೊತ್ತುಪಡಿಸಿದ ವಯಸ್ಸು ಕೇವಲ ಹದಿನಾಲ್ಕು. ಅಷ್ಟಕ್ಕೂ ಅಂಜಿ, ಆ ತಾರೀಖು ಬರುವದರೊಳಗೆ ಅವಸರದಿಂದ ಮಕ್ಕಳ ಮದುವೆಯನ್ನು ಮಾಡಿ ಮುಗಿಸಿದವರು ದೇಶದ ತುಂಬ ಇದ್ದರು. ಹದಿನೆಂಟು ವರ್ಷವೆಂದು ನಿರ್ಣಯವಾದದ್ದು ೧೯೭೮ರಲ್ಲಿ. ೨೦೦೬ರ ಕಾಯಿದೆಯು ಇನ್ನೂ ಬಿಗಿಯಾಗಿ ಬಂದಿತು. ಕರ್ನಾಟಕವು ಅದಕ್ಕೆ ತನ್ನ ತಿದ್ದುಪಡಿಯನ್ನು ಸೇರಿಸಿ, ಅಂಥ ವಿವಾಹವು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಇಷ್ಟಾದಾಗ್ಯೂ ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ, ರಾಜ್ಯದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಹೆಂಗಸರೊಳಗೆ ನೂರಕ್ಕೆ ಸುಮಾರು ೨೧ ಜನರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಕಾಯಿದೆಯು ಒಂದು ದಾರಿಯಲ್ಲಿ, ಮನೆತನದ ಹಟವು ಇನ್ನೊಂದು ದಾರಿಯಲ್ಲಿ ನಡೆಯುವದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉತ್ತರ ಕನ್ನಡ ಜಿಲ್ಲೆಯ ಸ್ಥಿತಿಯು ಇದಕ್ಕಿಂತ ಲೇಸು ಎಂದು ಹೇಳುವದಕ್ಕೆ ಕಾರಣಗಳುಂಟು. ೨೦೧೧ರ ಜನಗಣತಿಯಲ್ಲಿ ಇಡೀ ರಾಜ್ಯದ ಹೆಂಗಸರೊಳಗೆ ಅಕ್ಷರಸ್ಥರು ನೂರಕ್ಕೆ ೬೮ ಇದ್ದರೆ, ಈ ಜಿಲ್ಲೆಯಲ್ಲಿ ೭೮ ಇದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಹೆಣ್ಣುಮಗಳು ಶಾಲೆಗೆ ಹೋಗುವದು ಯಾರಿಗೂ ಹೊಸ ಸಂಗತಿಯಲ್ಲ. ಹಾಗಾದರೆ ಚಿಂತೆ ಎಲ್ಲಿಯದು ಎಂದು ಹಿರಿಯರು ಕೇಳಬಹುದು. “ಊಟಕ್ಕೆ ಉಡುವದಕ್ಕೆ ಕೊರತೆಯಿಲ್ಲ, ಕೈಯಲ್ಲಿ ಮೊಬೈಲು ಇದೆ, ಬಸ್ಸಿಗೆ ಕಾಸು ಕೊಡಬೇಕಾಗಿಲ್ಲ, ಇನ್ನೇನು ಚಿಂತೆ?” ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಈ ಮಾತನ್ನಾಡುವವರು ಕೆಟ್ಟವರಲ್ಲ. ತಾವು ಪಟ್ಟ ಕಷ್ಟದ ಅಳತೆಗೋಲಿನಿಂದ ಅಳೆಯುತ್ತಿದ್ದಾರೆ, ಅಷ್ಟೆ.

ಹುಲೇಕಲ್ಲಿನ ಸುತ್ತಲಿನ ಯಾವದಾದರೊಂದು ಕೇರಿಯಿಂದ ಶಿರಸಿಗೆ ಓದಲು ಹೋಗುವ ಒಬ್ಬ ಹುಡುಗಿಯ ಒಂದು ದಿವಸವನ್ನು ಮನಸ್ಸಿಗೆ ತಂದುಕೊಂಡರೆ ವಿಷಯವು ಸ್ಪಷ್ಟವಾಗುವದು. ಅವಳು ಐದು ಗಂಟೆಗೆ ಎದ್ದು, ನೀರೊಲೆಗೆ ಉರಿ ಹಾಕಿ, ಕೊಟ್ಟಿಗೆಯಲ್ಲಿ ತಾಯಿಗೆ ಕೈಗೂಡಿಸಿ, ದೋಸೆಯೊಂದನ್ನು ನಿಂತುಕೊಂಡೇ ತಿಂದು ಹೊರಡುವಳು. ಮನೆಯು ತೋಟದ ಅಂಚಿನಲ್ಲಿರುವದು. ಡಾಂಬರು ರಸ್ತೆಗೆ ಬರಬೇಕಾದರೆ ಬೆಟ್ಟದ ಸೊಪ್ಪಿನ ನಡುವಿನ ಕಾಲುದಾರಿಯನ್ನು ಹಿಡಿಯಬೇಕು. ಆರಿದ್ರೆಯ ಮಳೆ ಹಿಡಿಯಿತೆಂದರೆ ಕಾಲಿಗೆ ಉಂಬಳ, ತಲೆಗೆ ಕೊಡೆ, ಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ. ೨೦೨೩ರ ಜೂನ್ ೧೧ರಿಂದ ರಾಜ್ಯ ಸರಕಾರವು ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣವನ್ನು ಕೊಟ್ಟಿದ್ದು ಇಂಥವಳಿಗೆ ದೊಡ್ಡ ಉಪಕಾರ. ಆದರೆ ಬೆಳಗಿನ ಆ ಬಸ್ಸಿನಲ್ಲಿ ಕಾಲಿಡಲು ಸ್ಥಳವಿರುವದಿಲ್ಲ. ಸಂಜೆ ಹಿಂತಿರುಗಿ ಇಳಿಯುವ ಹೊತ್ತಿಗೆ, ಮಳೆಗಾಲದಲ್ಲಿ ಮರಗಳ ಕೆಳಗೆ ಆಗಲೇ ಕತ್ತಲೆ. ಆ ಕಾಲುದಾರಿಯ ಅರ್ಧ ಮೈಲಿಯಲ್ಲಿ ಅವಳು ಏನು ಯೋಚಿಸುತ್ತ ನಡೆಯುವಳೆಂಬುದನ್ನು ಮನೆಯಲ್ಲಿ ಯಾರೂ ಅರಿಯರು.

ಒಂದು ವಾರ ಕಾಲ ಯಾರೋ ಒಬ್ಬ ಪೋಕರಿಯು ಮೋಟಾರ್ ಸೈಕಲಿನ ಮೇಲೆ ಅವಳ ಹಿಂದೆಯೇ ಬರುತ್ತಿದ್ದಾನೆಂದು ಇಟ್ಟುಕೊಳ್ಳೋಣ. ಅವಳು ಮನೆಯಲ್ಲಿ ಹೇಳುವಳೇ? ಹೇಳುವದಿಲ್ಲ. ಅಂಜಿಕೆಯಿಂದ ಹೇಳುವದಿಲ್ಲವೆಂದು ಜನರು ತಿಳಿಯುವರು. ನಿಜವಾದ ಕಾರಣವು ಲೆಕ್ಕಾಚಾರದ್ದು. ಹೇಳಿದರೆ ಮುಂದೇನಾಗುವದೆಂಬುದು ಅವಳಿಗೆ ಪಕ್ಕಾ ಗೊತ್ತಿದೆ. ತಂದೆಯು ಸಿಟ್ಟಾಗುವನು, ಅಣ್ಣನು ಕೂಗಾಡುವನು, ತಾಯಿಯು ಅಳುವಳು, ಎರಡು ದಿವಸ ಮನೆಯಲ್ಲಿ ಅಲ್ಲೋಲಕಲ್ಲೋಲವಾಗುವದು. ಮೂರನೆಯ ದಿವಸ, “ಓದಿದ್ದು ಸಾಕು, ಮನೆಯಲ್ಲಿರಲಿ” ಎಂಬ ತೀರ್ಪು ಹೊರಬೀಳುವದು. ಆ ಪೋಕರಿಯು ಅದೇ ಮೋಟಾರ್ ಸೈಕಲಿನ ಮೇಲೆ ಮರುದಿವಸವೂ ಅದೇ ರಸ್ತೆಯಲ್ಲಿ ತಿರುಗಾಡಿಕೊಂಡಿರುವನು. ದಂಡವು ಬಿದ್ದದ್ದು ಹೇಳಿದವಳಿಗೆ.

ಅಡಿಕೆಗೆ ಕೊಳೆರೋಗ ಬಿದ್ದಿತೆಂದು ತೋಟದಾಳು ಬಂದು ಹೇಳಿದರೆ ಯಜಮಾನನು ಏನು ಮಾಡುತ್ತಾನೆ? ಮೈಲುತುತ್ತ, ಸುಣ್ಣ ತರಿಸಿ, ಮಳೆ ಬಿಡುವು ಕೊಟ್ಟ ಕೂಡಲೇ ಕೊನೆಗೌಡನನ್ನು ಕರೆಸಿ ಬೋರ್ಡೋ ದ್ರಾವಣವನ್ನು ಹೊಡೆಸುತ್ತಾನೆ. ಇನ್ನೂ ಮೊದಲೇ ಹೇಳಬಾರದಾಗಿತ್ತೇ ಎಂದು ಆಳನ್ನು ಗದರಿಸಿದರೂ ಗದರಿಸಿಯಾನು. ರೋಗ ಬಂದಿದೆಯೆಂಬ ಕಾರಣಕ್ಕೆ ಮರವನ್ನೇ ಕಡಿಸಿ ಹಾಕುವ ಯಜಮಾನನು ಈ ಸೀಮೆಯಲ್ಲಿ ಹುಟ್ಟಿಲ್ಲ. ಮಗಳ ವಿಷಯದಲ್ಲಿ ಮಾತ್ರ ಕೊಡಲಿಯೇ ಮೊದಲ ಔಷಧವಾಗುವದೇಕೆ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಹೀಗೆ ನೋಡಲಾಗಿ, ಹೆಣ್ಣುಮಕ್ಕಳ ಅನೇಕ ಚಿಂತೆಗಳು ಬೇರೆ ಬೇರೆಯಾಗಿ ತೋರಿದರೂ ಅವುಗಳ ಬೇರು ಒಂದೇ ಕಡೆಗೆ ಹೋಗುತ್ತದೆ. ಮೊಬೈಲಿನ ಸಂಗತಿಯನ್ನೇ ತೆಗೆದುಕೊಳ್ಳಿರಿ. ೨೦೨೦ ಮತ್ತು ೨೦೨೧ರ ಮಹಾಮಾರಿಯ ಕಾಲದಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠವೆಲ್ಲ ಮೊಬೈಲಿನೊಳಗೆ ಬಂದಾಗ, ಮಲೆನಾಡಿನ ಊರುಗಳಲ್ಲಿ ಹುಡುಗ ಹುಡುಗಿಯರು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಮರದ ಕೆಳಗೆ ಕುಳಿತದ್ದು ಎಲ್ಲರಿಗೂ ನೆನಪಿದೆ. ಆಗ ಹಿರಿಯರೇ ಸಾಲ ಮಾಡಿ ಆ ಯಂತ್ರವನ್ನು ತಂದುಕೊಟ್ಟರು. ಅದರ ಸಂಗಡ ಅಪರಿಚಿತರ ಸಂದೇಶಗಳೂ ಬಂದವು. ಹುಡುಗಿಯ ಮುಖವನ್ನು ಬೇರೆ ದೇಹಕ್ಕೆ ಜೋಡಿಸಿ ಚಿತ್ರ ಮಾಡಿ, ಹಣ ಕೊಡು ಇಲ್ಲವೆ ಊರಿಗೆಲ್ಲ ಕಳಿಸುವೆನೆಂದು ಹೆದರಿಸುವ ದುಷ್ಟರು ಇಂದು ಹಳ್ಳಿಗೂ ದೂರದವರಲ್ಲ. ಕಾಯಿದೆಯು ಹುಡುಗಿಯ ಪಕ್ಷದಲ್ಲಿದೆ. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಂಗಸರು ಮತ್ತು ಮಕ್ಕಳ ಕುರಿತಾದ ಇಂಥ ದೂರನ್ನು ತನ್ನ ಹೆಸರು ಹೇಳದೆಯೂ ದಾಖಲಿಸಬಹುದು. ಆದರೆ ಅವಳು ಮೊದಲು ತಿಳಿಸಬೇಕಾದದ್ದು ಮನೆಯವರಿಗೆ, ಅಲ್ಲಿ ಅವಳಿಗೆ ದೊರೆಯುವದು, “ನೀನೇಕೆ ಫೋಟೋ ಹಾಕಿದೆ?” ಎಂಬ ಪ್ರಶ್ನೆ. ಮೊಬೈಲನ್ನು ಕಸಿದುಕೊಂಡ ಮೇಲೆ ಬೆದರಿಕೆ ಹಾಕಿದವನು ನಿಂತನೇ ಎಂಬ ವಿಚಾರವು ಯಾರಿಗೂ ಹೊಳೆಯುವದಿಲ್ಲ.

ಇನ್ನು ದೇಹದ ಕ್ಷೇಮದ ಮಾತು. ಇದನ್ನು ಸಭೆಯಲ್ಲಿ ಆಡಬಾರದೆಂದು ಕೆಲವರಿಗೆ ಅನಿಸಬಹುದು. ಆಡದೆ ಇದ್ದುದರ ಫಲವನ್ನು ಅನುಭವಿಸುತ್ತಿರುವವರು ಹೆಣ್ಣುಮಕ್ಕಳೇ ಆದ್ದರಿಂದ ಆಡಲೇಬೇಕಾಗಿದೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ, ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರೊಳಗೆ ರಕ್ತಹೀನತೆಯುಳ್ಳವರು ದೇಶದಲ್ಲಿ ನೂರಕ್ಕೆ ೫೭, ಕರ್ನಾಟಕದಲ್ಲಿ ಸುಮಾರು ೪೮ ಎಂದು ಕಂಡುಬಂದಿತು. ಎಂದರೆ ಈ ಸಭೆಯಲ್ಲಿ ಕುಳಿತ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇರಬೇಕಾದಷ್ಟು ರಕ್ತಬಲವಿಲ್ಲವೆಂದು ಹೆಚ್ಚು ಕಡಿಮೆ ಹೇಳಬಹುದು. ಮೆಟ್ಟಿಲು ಹತ್ತುವಾಗ ಏದುಸಿರು, ಓದುವಾಗ ತೂಕಡಿಕೆ, ಕಣ್ಣಿಗೆ ಕತ್ತಲೆ ಬರುವದು, ಕೂದಲು ಉದುರುವದು, ಇವನ್ನೆಲ್ಲ ಮನೆಯಲ್ಲಿ ಸೋಮಾರಿತನವೆಂದು ಕರೆಯುತ್ತಾರೆ. ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಕೊಡುವದುಂಟು. ಹೊಟ್ಟೆ ತೊಳಸುವದೆಂದು ಎಷ್ಟೋ ಹುಡುಗಿಯರು ಅದನ್ನು ಕಿಟಕಿಯ ಹೊರಗೆ ಎಸೆಯುವದೂ ಉಂಟು. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆಯಾಗುವದು. ಲಿಂಬೆಯ ಹಣ್ಣಿನ ರಸ, ನೆಲ್ಲಿಕಾಯಿ ಇವುಗಳ ಸಂಗಡ ಕಬ್ಬಿಣವು ದೇಹಕ್ಕೆ ಚೆನ್ನಾಗಿ ಹಿಡಿಯುವದು. ಒಡನೆಯೇ ಚಹಾ ಕುಡಿದರೆ ಹಿಡಿಯುವದಿಲ್ಲ. ಹರಿವೆ, ನುಗ್ಗೆಸೊಪ್ಪು, ರಾಗಿ, ಹೆಸರುಕಾಳು ಇವು ಈ ಸೀಮೆಯಲ್ಲಿ ದುರ್ಲಭವಾದ ವಸ್ತುಗಳಲ್ಲ.

ತೋಟದ ಹಸಿ ಮಣ್ಣಿನಲ್ಲಿ ಬರಿಗಾಲಿನಿಂದ ಓಡಾಡುವವರ ಅಂಗಾಲಿನ ಚರ್ಮದ ಮೂಲಕವೇ ಕೊಕ್ಕೆಹುಳುವು ಒಳಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತವನ್ನು ಹೀರುವದೆಂಬುದನ್ನು ಬಹಳ ಜನರು ಅರಿಯರು. ವರ್ಷಕ್ಕೆರಡು ಸಲ ಶಾಲೆ ಅಂಗನವಾಡಿಗಳಲ್ಲಿ ಹುಳುವಿನ ಗುಳಿಗೆಯನ್ನು ಕೊಡುವದು ಈ ಸಲುವಾಗಿಯೇ. ಒಂದು ಜೊತೆ ಚಪ್ಪಲಿಯು ಮಾಡುವ ಕೆಲಸವನ್ನು ಹತ್ತು ಬಾಟಲಿ ಟಾನಿಕ್ಕು ಮಾಡಲಾರದು. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ತಾಯಿ ಮಗಳು ಹಂಚಿಕೊಂಡು ಉಣ್ಣುವ ಪದ್ಧತಿಯೂ ಇನ್ನೂ ಹೋಗಿಲ್ಲ. ಅದನ್ನು ತ್ಯಾಗವೆಂದು ಹೊಗಳುವವರು ಆ ಹುಡುಗಿಯ ಕಣ್ಣುರೆಪ್ಪೆಯ ಒಳಭಾಗವನ್ನು ಒಮ್ಮೆ ಎಳೆದು ನೋಡಬೇಕು.

ತಿಂಗಳ ಮೂರು ದಿವಸಗಳ ಸಂಗತಿಯಲ್ಲಂತೂ ಲಿಂಗವಂತರ ಮನೆಗಳು ವಿಶೇಷವಾಗಿ ನಾಚಿಕೊಳ್ಳಬೇಕಾಗಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗಿಲ್ಲವೆಂದು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತೆಗೆದುಹಾಕಿದರು. ಗಂಡಿಗೆ ಕೊಟ್ಟ ಇಷ್ಟಲಿಂಗವನ್ನೇ ಹೆಣ್ಣಿಗೂ ಕೊಟ್ಟರು. ತಿಂಗಳಲ್ಲಿ ಮೂರು ದಿವಸ ಅದನ್ನು ಕಳಚಿಡೆಂದು ಹೇಳಲಿಲ್ಲ. ಹೀಗಿರುವಲ್ಲಿ, ನೆರೆಹೊರೆಯವರ ಆಚಾರವನ್ನು ನೋಡಿ, “ಜನ ಏನೆಂದಾರು” ಎಂದು ಮಗಳನ್ನು ಹೊರಗೆ ಕೂಡ್ರಿಸುವ ಮನೆಗಳು ಈ ಸೀಮೆಯಲ್ಲಿ ಇವೆ. ಅಂಗಳದ ಮೂಲೆಯಲ್ಲಿ ತಟ್ಟೆ ಬೇರೆ, ಚಾಪೆ ಬೇರೆ ಮಾಡಿಕೊಂಡು ಕುಳಿತ ಹುಡುಗಿಗೆ ನಾಲ್ಕನೆಯ ದಿವಸ ಪರೀಕ್ಷೆ ಇದ್ದರೂ ಇದ್ದೀತು. ವಿಪರೀತವಾದ ಹೊಟ್ಟೆನೋವು, ಅತಿಯಾದ ಸ್ರಾವ, ತಿಂಗಳುಗಟ್ಟಲೆ ನಿಂತುಹೋಗುವದು ಇವೆಲ್ಲ ವೈದ್ಯರಿಗೆ ತೋರಿಸತಕ್ಕ ಲಕ್ಷಣಗಳು. ತೋರಿಸಿದರೆ, “ಮದುವೆಯಾಗದ ಹುಡುಗಿಯನ್ನು ಆ ಡಾಕ್ಟರರ ಹತ್ತಿರ ಏಕೆ ಕರೆದುಕೊಂಡು ಹೋದರು?” ಎಂದು ಊರು ಮಾತನಾಡೀತೆಂಬ ಅಂಜಿಕೆ. ಇಲ್ಲಿಯೂ ಹಾಗೆಯೇ, ಹೇಳಿದವಳ ಹೆಸರಿಗೆ ಕುಂದು; ಹೇಳದವಳು ಮಾನವಂತೆ.

ದೇಹದ ಬೇನೆಯನ್ನಾದರೂ ತೋರಿಸಬಹುದು, ಮನಸ್ಸಿನ ಬೇನೆಯನ್ನು ತೋರಿಸುವದೆಲ್ಲಿ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಹದಿಮೂರರಿಂದ ಹದಿನೇಳು ವರ್ಷದ ಮಕ್ಕಳೊಳಗೆ ನೂರಕ್ಕೆ ಏಳಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಿಗೆ ಚಿಕಿತ್ಸೆಗೆ ಯೋಗ್ಯವಾದ ಮನೋವ್ಯಥೆಯಿರುವದು ತಿಳಿದುಬಂದಿತು. ಪರೀಕ್ಷೆಯ ಫಲಿತಾಂಶದ ದಿವಸಗಳಲ್ಲಿ ಪತ್ರಿಕೆಗಳನ್ನು ಓದುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಹುಡುಗಿಯರ ವಿಷಯದಲ್ಲಿ ಒಂದು ವಿಶೇಷವುಂಟು. ಹುಡುಗನು ನಪಾಸಾದರೆ ಇನ್ನೊಮ್ಮೆ ಕಟ್ಟುವನು. ಹುಡುಗಿಯು ನಪಾಸಾದರೆ ಅವಳಿಗೆ ವರನನ್ನು ನೋಡತೊಡಗುವರು. ಆದುದರಿಂದ ಅವಳಿಗೆ ಆ ಅಂಕಪಟ್ಟಿಯು ಮನೆಯಿಂದ ಹೊರಗಿನ ಲೋಕಕ್ಕೆ ಹೋಗುವ ರಹದಾರಿ. ಅದು ಕೈತಪ್ಪೀತೆಂಬ ಭಯದಿಂದ ರಾತ್ರಿ ನಿದ್ರೆ ಬಾರದು, ಅನ್ನ ಸೇರದು. ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಮ್ಮೆ ತಪ್ಪಿದ ಮಾತ್ರಕ್ಕೆ ವರ್ಷವು ವ್ಯರ್ಥವಾಗುವ ಕಾಲವು ಹೋಯಿತು. ಈ ಒಂದು ಸಂಗತಿಯನ್ನು ತಂದೆಯಾದವನು ಫಲಿತಾಂಶದ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಸಹಜವಾಗಿ ಹೇಳಿಬಿಟ್ಟರೆ, ಮಗಳ ಎದೆಯ ಮೇಲಿನ ಕಲ್ಲು ಎಷ್ಟು ಹಗುರಾದೀತೆಂಬುದನ್ನು ಅವನು ಊಹಿಸಲಾರನು.

೨೦೨೨ರ ಅಕ್ಟೋಬರ್ ೧೦ರಿಂದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯು ದೇಶದಲ್ಲಿ ನಡೆಯುತ್ತಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆದರೂ ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಇದನ್ನು ಮಠದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸುವದು ಯೋಗ್ಯ. ಸಂಕಟದಲ್ಲಿರುವ ಹದಿನೆಂಟರ ಒಳಗಿನ ಮಕ್ಕಳಿಗೆ ೧೦೯೮, ಹೆಂಗಸರಿಗೆ ೧೮೧ ಎಂಬ ಸಂಖ್ಯೆಗಳೂ ಅದರ ಮಗ್ಗುಲಲ್ಲಿರಲಿ.

ಈಗ ಎಲ್ಲರ ಬಾಯಲ್ಲಿರುವ ಒಂದು ವಿಷಯಕ್ಕೆ ಬರಬೇಕಾಗಿದೆ. ಅಡಿಕೆ ತೋಟವಿದ್ದ ಹುಡುಗರಿಗೆ ಕನ್ಯೆಯೇ ಸಿಕ್ಕುತ್ತಿಲ್ಲವೆಂಬ ಕೂಗು ಈ ಮೂರೂ ತಾಲೂಕುಗಳಲ್ಲಿ ಯಾವ ಜಾತಿಯೆನ್ನದೆ ಎದ್ದಿದೆ. ಮೂವತ್ತೈದು ದಾಟಿದ ವರಗಳ ತಾಯಂದಿರು ದೇವರಿಗೆ ಹರಕೆ ಹೊರುತ್ತಾರೆ, ದೂರದ ಪ್ರಾಂತಗಳಿಂದ ಹೆಣ್ಣು ತರುವ ಮಾತೂ ನಡೆದಿದೆ. ಇದು ನಿಜವಾದ ದುಃಖವೇ ಸರಿ, ಯಾರೂ ನಗತಕ್ಕದ್ದಲ್ಲ. ಆದರೆ ಈ ಕುರಿತು ನಡೆದ ಎಷ್ಟೋ ಸಭೆ ಸಂಭಾಷಣೆಗಳಲ್ಲಿ, “ಇಂದಿನ ಹುಡುಗಿಯರಿಗೆ ಬೆಂಗಳೂರಿನ ಹುಚ್ಚು” ಎಂಬ ಒಂದೇ ಮಾತಿನಿಂದ ವಿಚಾರವನ್ನು ಮುಗಿಸಿಬಿಡುತ್ತಾರೆ. ಹುಡುಗಿಯರನ್ನು ಕೂಡ್ರಿಸಿ, ಏಕಮ್ಮಾ ಬೇಡವೆನ್ನುತ್ತೀ ಎಂದು ಕೇಳಿದ ಸಭೆಗಳು ವಿರಳ.

ಕೇಳಿದ್ದರೆ ಅವರು ಹೇಳತಕ್ಕದ್ದು ಬಹಳವಿದೆ. ತನ್ನ ತಾಯಿಯು ಅದೇ ತೋಟದಲ್ಲಿ ಮೂವತ್ತು ವರ್ಷ ಅಡಿಕೆ ಸುಲಿದು, ಗೊಬ್ಬರ ಹೊತ್ತು, ಬಂದ ನೆಂಟರಿಗೆ ಬೇಯಿಸಿ ಹಾಕಿ, ಅಡಿಕೆ ಮಾರಿದ ಹಣದಲ್ಲಿ ಒಂದು ರೂಪಾಯಿಯನ್ನೂ ತನ್ನದೆಂದು ಎಣಿಸದೆ ಇದ್ದುದನ್ನು ಅವಳು ಹುಟ್ಟಿದಂದಿನಿಂದ ನೋಡಿದ್ದಾಳೆ. ಅತ್ತೆಯ ಅಪ್ಪಣೆಯಿಲ್ಲದೆ ತವರಿಗೆ ಹೋಗದ ಅಕ್ಕನನ್ನು ನೋಡಿದ್ದಾಳೆ. ಬಿ.ಎಸ್‌ಸಿ. ಓದಿ ಬಂದ ಅತ್ತಿಗೆಯ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲು ತಿಂದದ್ದನ್ನೂ ನೋಡಿದ್ದಾಳೆ. ಅವಳು ಬೇಡವೆಂದದ್ದು ಮರಗಳನ್ನಲ್ಲ, ಮಳೆಯನ್ನಲ್ಲ. ಆ ಮನೆಯಲ್ಲಿ ತನಗೆ ಕಾದಿರಿಸಿದ ಮೂಲೆಯನ್ನು. ಬಾಯಿ ಬಿಟ್ಟು ಹೇಳಿದರೆ ಒರಟಳೆನ್ನುವರಾದ ಕಾರಣ, ಅವಳು ಬೆಂಗಳೂರಿನ ಬಸ್ಸು ಹತ್ತಿ ತನ್ನ ಉತ್ತರವನ್ನು ಕೊಟ್ಟಿದ್ದಾಳೆ. ಅದನ್ನು ಓದಲು ಬಾರದವರು ಹುಚ್ಚೆಂದು ಕರೆಯುತ್ತಾರೆ. ಬೆಂಗಳೂರಿನಲ್ಲಿ ಅವಳಿಗೆ ಸುಖವೇ ಸುಖವೆಂದು ಇದರರ್ಥವಲ್ಲ. ಒಂದೇ ಕೋಣೆಯಲ್ಲಿ ನಾಲ್ವರು, ರಾತ್ರಿ ಪಾಳಿಯ ಕೆಲಸ, ಜ್ವರ ಬಂದರೆ ಗಂಜಿ ಕಾಸಿ ಕೊಡುವವರಿಲ್ಲ. ಅದನ್ನೂ ಅವಳು ಮನೆಗೆ ಫೋನು ಮಾಡಿದಾಗ ಹೇಳಳು, ಹೇಳಿದರೆ “ಬಂದುಬಿಡು” ಎನ್ನುವರಲ್ಲ!

ಹೆಣ್ಣುಮಗಳ ಕೈಯಲ್ಲಿ ತನ್ನದೆಂಬುದು ಇರಬೇಕೆಂಬುದನ್ನು ಕಾಯಿದೆಯಾದರೂ ಒಪ್ಪಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹಕ್ಕೆಂದು ಕರ್ನಾಟಕವು ೧೯೯೪ರಲ್ಲಿಯೇ ಜಾರಿಗೆ ತಂದಿತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಬಿಟ್ಟಿತು. ೨೦೦೫ರ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ೨೦೨೦ರಲ್ಲಿ ಸುಪ್ರೀಂ ಕೋರ್ಟು ಇದ್ದ ಸಂಶಯಗಳನ್ನು ಪರಿಹರಿಸಿ, ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಹೇಳಿತು. ಇಷ್ಟಿದ್ದೂ ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚುವದು ಎಲ್ಲ ಕಡೆಯ ರೂಢಿ. ಈ ಸೀಮೆಯ ಒಬ್ಬ ತಂದೆಯಾದರೂ ಮಗಳು ಕೇಳುವ ಮೊದಲೇ ಅವಳ ಹೆಸರಿಗೆ ನಾಲ್ಕು ಗುಂಟೆ ತೋಟವನ್ನು ಬರೆದು, ಆ ತೋಟದ ಉತ್ಪನ್ನವನ್ನು ಅವಳ ಬ್ಯಾಂಕಿನ ಖಾತೆಗೆ ಹಾಕಿದರೆ, ಕನ್ಯೆ ಸಿಕ್ಕುವದಿಲ್ಲವೆಂಬ ಕೂಗಿಗೆ ಅರ್ಧ ಉತ್ತರವು ಅಲ್ಲಿಯೇ ದೊರೆತೀತು.

ಈ ಮಾತುಗಳು ಹೊಸ ಕಾಲದ ಮಾತುಗಳೆಂದು ಯಾರಾದರೂ ಬಗೆದರೆ, ಅವರು ಉಡುತಡಿಯನ್ನು ನೆನೆಯಬೇಕು. ಶಿರಸಿಯಿಂದ ಬನವಾಸಿಯ ಮೇಲೆ ಸೊರಬವನ್ನು ದಾಟಿದರೆ ಶಿಕಾರಿಪುರ ಸೀಮೆಯ ಆ ಊರು ಬಲು ದೂರವೇನೂ ಇಲ್ಲ. ಅಲ್ಲಿ ಹುಟ್ಟಿದ ಮಹಾದೇವಿಯು ಅರಸನ ಮನೆಯನ್ನು ಬಿಟ್ಟು, ಒಬ್ಬಳೇ ಕಾಡು ಮೇಡುಗಳನ್ನು ಹಾಯ್ದು ಕಲ್ಯಾಣಕ್ಕೆ ಬಂದಳು. ಶೂನ್ಯಸಂಪಾದನೆಯು ಹೇಳುವ ಮೇರೆಗೆ, ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅವಳನ್ನು ಕಠಿಣವಾಗಿಯೇ ಪ್ರಶ್ನಿಸಿದರು. ಅವಳು ಉತ್ತರ ಕೊಟ್ಟಳು, ಮತ್ತೆ ಪ್ರಶ್ನಿಸಿದರು, ಮತ್ತೆ ಉತ್ತರ ಕೊಟ್ಟಳು. ಆ ಮಂಟಪದಲ್ಲಿ ಕುಳಿತ ಹಿರಿಯರಲ್ಲಿ ಯಾರೂ, ಈ ಎಳೆಯ ಹೆಣ್ಣಿಗೆ ಇಷ್ಟು ಮಾತೇ ಎಂದು ನಡುವೆ ಬಾಯಿ ಹಾಕಲಿಲ್ಲ. ಕಡೆಗೆ ಅವಳ ಮುಂದೆ ಹಿರಿಯರೇ ಕೈ ಮುಗಿದರು, ಅಕ್ಕನೆಂದು ಕರೆದರು. ಆಯ್ದಕ್ಕಿ ಲಕ್ಕಮ್ಮನು ಗಂಡನಾದ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಇದು ಸಲ್ಲದೆಂದು ಎದುರಿಗೇ ಹೇಳಿದಳು. ಮಾರಯ್ಯನು ಅದನ್ನು ತಿರುಗಿ ಒಯ್ದು ಸುರಿದು ಬಂದನು. ಶರಣರ ದೊಡ್ಡಸ್ತಿಕೆಯನ್ನು ಹೊಗಳುವಾಗ ಶರಣೆಯರು ಹೇಳಿದುದನ್ನಷ್ಟೇ ನೆನೆಯುವ ರೂಢಿಯಿದೆ. ಮಾರಯ್ಯನು ಕೇಳಿದನೆಂಬುದೂ ಅಷ್ಟೇ ನೆನೆಯತಕ್ಕ ಸಂಗತಿ.

ತರುವಾಯದ ಕಾಲದಲ್ಲಿ ಈ ಕೇಳುವ ರೂಢಿಯು ಎಷ್ಟು ಕ್ಷೀಣಿಸಿತೆಂಬುದಕ್ಕೆ ಒಂದು ಉದಾಹರಣೆ ಸಾಕು. ಕನ್ನಡ ಸಾಹಿತ್ಯ ಸಮ್ಮೇಳನಗಳು ೧೯೧೫ರಲ್ಲಿ ಆರಂಭವಾದವು. ಅದರ ಅಧ್ಯಕ್ಷಪೀಠದಲ್ಲಿ ಒಬ್ಬ ಹೆಂಗಸು ಕುಳಿತು ಮಾತನಾಡಿದ್ದು ೧೯೭೪ರಲ್ಲಿ, ಮಂಡ್ಯದಲ್ಲಿ; ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು. ಮರಾಠಿಯಲ್ಲಿ ಓದಿ, ಕನ್ನಡವನ್ನು ತಾವೇ ಕಲಿತು, ಗಡಿನಾಡಿನಲ್ಲಿ ಕನ್ನಡಕ್ಕಾಗಿ ದುಡಿದ ಆ ತಾಯಿಯ ಮಾತನ್ನು ಆ ಪೀಠದಿಂದ ಕೇಳಲು ಕನ್ನಡಿಗರಿಗೆ ಐವತ್ತೊಂಬತ್ತು ವರ್ಷ ಹಿಡಿಯಿತು.

ಇನ್ನು ಈ ಮಹೋತ್ಸವದ ನೆನಪಿಗೆ ಮಾಡತಕ್ಕದ್ದೇನೆಂಬ ಮಾತು. ಹೆಣ್ಣುಮಕ್ಕಳ ಪ್ರಸಾದ ನಿಲಯವನ್ನು ಶಿರಸಿಯಲ್ಲಿ ಕಟ್ಟಬೇಕೆಂಬ ಅಪೇಕ್ಷೆಯು ಒಳ್ಳೆಯದೇ. ಹಣ ಕೂಡಿದಾಗ ಆಗಲಿ. ಹಣವಿಲ್ಲದೆ ಮುಂದಿನ ತಿಂಗಳಿನಿಂದಲೇ ಆರಂಭಿಸಬಹುದಾದ ಕೆಲಸವೊಂದಿದೆ. ಮಠಗಳಲ್ಲಿ ತಿಂಗಳ ಶಿವಾನುಭವ ಗೋ಼ಷ್ಠಿ ನಡೆಯುವ ಸಂಪ್ರದಾಯವಿದೆಯಷ್ಟೆ. ಅದೇ ದಿವಸ, ಗೋಷ್ಠಿಗೆ ಒಂದು ತಾಸು ಮುಂಚೆ, ಒಳಗಿನ ಒಂದು ಕೋಣೆಯನ್ನು ಹೆಣ್ಣುಮಕ್ಕಳಿಗೆ ಬಿಟ್ಟುಕೊಡುವದು. ಅಲ್ಲಿ ಉಪನ್ಯಾಸ ಬೇಡ, ಹಾರ ತುರಾಯಿ ಬೇಡ, ಹಾಜರಿ ಪುಸ್ತಕವೂ ಬೇಡ. ದಾದಿಯಾಗಿಯೋ ಶಿಕ್ಷಕಿಯಾಗಿಯೋ ಕೆಲಸ ಮಾಡಿದ, ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲ ಹಿರಿಯ ಹೆಂಗಸೊಬ್ಬಳು ಇರಲಿ. ಹುಡುಗಿಯು ಅಲ್ಲಿ ಹೇಳಿದ್ದು ಅವಳ ಒಪ್ಪಿಗೆಯಿಲ್ಲದೆ ಮನೆಗೆ ಮುಟ್ಟಕೂಡದು. ಎರಡು ಸಂಗತಿಗಳು ಮಾತ್ರ ಇದಕ್ಕೆ ಹೊರತು: ಜೀವಕ್ಕೆ ಅಪಾಯವಿರುವದು, ಮತ್ತು ಹದಿನೆಂಟರ ಒಳಗಿನವಳ ಮೇಲೆ ಲೈಂಗಿಕ ಅತ್ಯಾಚಾರ ನಡೆದಿರುವದು. ಎರಡನೆಯದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ೨೦೧೨ರ ಪೋಕ್ಸೋ ಕಾಯಿದೆಯ ಕಟ್ಟಳೆಯಿದೆ. ಈ ಹೊರತುಗಳನ್ನು ಹುಡುಗಿಯರಿಗೆ ಮೊದಲನೆಯ ದಿವಸವೇ ಹೇಳಿಬಿಡತಕ್ಕದ್ದು. ಆಮೇಲೆ ಮೋಸ ಹೋದೆನೆಂದು ಅವಳಿಗೆ ಅನಿಸಬಾರದು.

ಇದರ ಜೊತೆಗೆ ತಂದೆಯಂದಿರಿಂದ ಒಂದು ವಚನವನ್ನು ಪಡೆಯಬೇಕಾಗಿದೆ. ದೀಕ್ಷೆಯ ವೇಳೆಗೆ, ಉತ್ಸವದ ವೇಳೆಗೆ ಅನೇಕ ವ್ರತಗಳನ್ನು ಹಿಡಿಯುವವರು ಇದೊಂದನ್ನೂ ಹಿಡಿಯಬಹುದು: ಮಗಳು ತನಗಾದ ತೊಂದರೆಯನ್ನು ಹೇಳಿದಳೆಂಬ ಕಾರಣಕ್ಕೆ ಅವಳ ಓದನ್ನಾಗಲಿ, ಹೊರಗಿನ ಓಡಾಟವನ್ನಾಗಲಿ ನಿಲ್ಲಿಸುವದಿಲ್ಲ. ಮಾತು ಸಣ್ಣದು, ನಡೆಸುವದು ಕಷ್ಟ. ಸಿಟ್ಟು ಬಂದಾಗ ಮೊದಲು ಕೈಗೆಟುಕುವವಳು ಮಗಳೇ ಹೊರತು, ರಸ್ತೆಯ ಮೇಲಿನ ಪೋಕರಿಯಲ್ಲ.

ಆ ಕೋಣೆಯಲ್ಲಿ ಮೊದಲ ಕೆಲವು ತಿಂಗಳು ದೊಡ್ಡ ಸಂಗತಿಗಳೇನೂ ಹೊರಬರಲಾರವು. ಸಂಜೆಯ ಬಸ್ಸು ಹತ್ತು ಮಿನಿಟು ತಡವಾಗಿ ಹೊರಟರೆ ಕಡೆಯ ಪಾಠವು ತಪ್ಪುವದಿಲ್ಲ, ಬಸ್ಸು ನಿಲ್ಲುವಲ್ಲಿ ಒಂದು ದೀಪ ಬೇಕು, ಕಾಲೇಜಿನ ಪಾಯಖಾನೆಗೆ ಅಗಳಿಯಿಲ್ಲ, ಇಂಥವೇ ಮಾತುಗಳು ಬಂದಾವು. ಇವು ಕ್ಷುಲ್ಲಕವೆಂದು ನಗಬಾರದು. ಹಿರಿಯಳು ಅವನ್ನು ಬರೆದುಕೊಂಡು, ಬಸ್ಸಿನ ಡಿಪೋಕ್ಕೆ ಅರ್ಜಿ, ಪಂಚಾಯತಿಗೆ ಅರ್ಜಿ ಎಂದು ಮಠದ ಹೆಸರಿನಿಂದ ಕಳಿಸಿ, ಮುಂದಿನ ತಿಂಗಳು ಏನಾಯಿತೆಂಬುದನ್ನು ತಿಳಿಸತಕ್ಕದ್ದು. ಹುಡುಗಿಯರು ನೋಡುತ್ತಿರುತ್ತಾರೆ. ಸಣ್ಣ ಮಾತು ಎಲ್ಲಿಯವರೆಗೆ ಮುಟ್ಟಿತು, ಅದನ್ನು ಹೇಳಿದವಳಿಗೆ ಏನಾಯಿತು ಎಂಬುದನ್ನು ಪರೀಕ್ಷಿಸಿದ ಮೇಲೆ, ಒಂದು ದಿವಸ ಉಳಿದವರೆಲ್ಲ ಎದ್ದು ಹೋದರೂ ಒಬ್ಬಳು ಕುಳಿತೇ ಇರುವಳು. ಅಂದು ಹೊರಗೆ ಅಂಗಳದಲ್ಲಿ ಕಾಯುತ್ತಿರುವ ತಂದೆಯು, ಇಷ್ಟು ಹೊತ್ತು ಒಳಗೆ ಏನು ಮಾತು ಎಂದು ಕೇಳದೆ, ಬ್ಯಾಟರಿಯನ್ನು ಹಿಡಿದು ಕಾಲುದಾರಿಯಲ್ಲಿ ಮುಂದೆ ನಡೆಯಲಿ.